ಸೈಬರ್ ಅಪರಾಧ ತನಿಖೆಗೆ ಪೊಲೀಸರ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಬರ್ ತನಿಖೆ ಕಲಿಯಲು ಬರುವ ಪೊಲೀಸರಿಗೆ ಪಾಠ ಹೇಳುವುದು ನನ್ನ ಕೆಲಸ. ಪ್ರತಿ ಬ್ಯಾಚ್‌ನಲ್ಲೂ ಮುಖಗಳು ಹೊಸವು, ಪ್ರಶ್ನೆಗಳು ಮಾತ್ರ ಹಳೆಯವೇ. ಕೆಲವನ್ನು ತರಗತಿಯಲ್ಲಿ ಕೈ ಎತ್ತಿ ಕೇಳುತ್ತಾರೆ. ಕೆಲವನ್ನು ಬಿಡುವಿನ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ. ಎರಡೂ ಬಗೆಯವು ಇಲ್ಲಿವೆ. ಕಾನೂನಿನ ಕಲಂಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ, ಹಾಗಾಗಿ ಅವನ್ನು ಇಲ್ಲಿ ಎತ್ತಿಕೊಂಡಿಲ್ಲ.

ನನಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ. ಈ ತನಿಖೆ ನನ್ನಿಂದ ಆಗುತ್ತಾ?

ಆಗುತ್ತೆ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಬಿಡಿಗಾಸು. ಆ ಲೆಕ್ಕ ನೋಡಲು ಹೇಳಿದ್ದು ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಗೆ. ಅವರು ಪೊಲೀಸರಲ್ಲ, ಭದ್ರತಾ ತಜ್ಞರೂ ಅಲ್ಲ. ಆದರೆ ಆ 75 ಸೆಂಟನ್ನು ಅವರು ಬಿಡಲಿಲ್ಲ. ಹೊರಗಿನಿಂದ ಬರುವ ಲೈನುಗಳಿಗೆ ಪ್ರಿಂಟರ್ ಜೋಡಿಸಿ, ಒಳನುಗ್ಗಿದವನು ಒತ್ತುವ ಪ್ರತಿ ಕೀಯನ್ನೂ ಕಾಗದದ ಮೇಲೆ ಇಳಿಸಿಕೊಂಡರು. ಏನು ನಡೆಯಿತು, ಎಷ್ಟು ಹೊತ್ತಿಗೆ ನಡೆಯಿತು ಎಂಬುದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟರು. ಅವನು ಹೆಚ್ಚು ಹೊತ್ತು ಲೈನಿನಲ್ಲಿ ಇರಲಿ ಎಂದು ಸುಳ್ಳು ಕಡತಗಳನ್ನು ಸೃಷ್ಟಿಸಿ ಇಟ್ಟರು. ಜಾಡು ಕೊನೆಗೆ ಜರ್ಮನಿಯ ಹ್ಯಾನೋವರ್ ನಗರದ ಒಬ್ಬನ ಮನೆಗೆ ಹೋಗಿ ಮುಟ್ಟಿತು. ಕದ್ದ ಮಾಹಿತಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು.

ಅವರ ಕೈಲಿದ್ದದ್ದೇನು? ಸಣ್ಣ ವ್ಯತ್ಯಾಸವನ್ನೂ ಕಡೆಗಣಿಸದ ಕಣ್ಣು, ಬರೆದಿಡುವ ಅಭ್ಯಾಸ, ಕಾಯುವ ತಾಳ್ಮೆ. ಹತ್ತು ವರ್ಷ ಠಾಣೆಯಲ್ಲಿ ಕೆಲಸ ಮಾಡಿದ ಒಳ್ಳೆಯ ಪೊಲೀಸರಲ್ಲಿ ಈ ಮೂರೂ ಇರುತ್ತವೆ. ತಾಂತ್ರಿಕ ಭಾಗವನ್ನು ಕಲಿಸಬಹುದು, ಅದು ನಮ್ಮ ಹೊಣೆ. ಕೋಡಿಂಗ್ ಬರುವ, ಆದರೆ ಸಾಕ್ಷಿಯ ಮಾತನ್ನು ಕೂತು ಕೇಳಲು ಬಾರದವರಿಗೆ ಪಾಠ ಹೇಳುವುದೇ ಹೆಚ್ಚು ಕಷ್ಟ.

ಎಲ್ಲರೂ ಎಲ್ಲವನ್ನೂ ಕಲಿಯಬೇಕಾ?

ಬೇಡ. ಸ್ಥೂಲವಾಗಿ ಮೂರು ಹಂತ ಇದೆ. ಸ್ಥಳಕ್ಕೆ ಮೊದಲು ಹೋಗುವವರು, ಕೇಸನ್ನು ನಡೆಸುವ ತನಿಖಾಧಿಕಾರಿ, ಪ್ರಯೋಗಾಲಯದಲ್ಲಿ ಕೂತು ಪರೀಕ್ಷೆ ಮಾಡುವವರು. ತರಬೇತಿಯ ಹಣ ಮತ್ತು ಗಮನವೆಲ್ಲ ಮೂರನೆಯ ಹಂತಕ್ಕೇ ಹೋಗುತ್ತದೆ. ನನ್ನ ಅನುಭವದಲ್ಲಿ ಕೇಸು ಹಾಳಾಗುವುದು ಮೊದಲ ಹಂತದಲ್ಲಿ. ಕಾನ್‌ಸ್ಟೇಬಲ್ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ಅದು ಲಾಕ್ ಆಗುತ್ತದೆ. ಆಮೇಲೆ ಎಷ್ಟು ದೊಡ್ಡ ತಜ್ಞರು ಬಂದರೂ ಅದನ್ನು ತೆರೆಯಲು ಆಗದೇ ಹೋಗಬಹುದು. ಅದಕ್ಕೇ ನಾನು ಹೇಳುವುದು, ಠಾಣೆಯ ಪ್ರತಿಯೊಬ್ಬರಿಗೂ ಎರಡು ದಿನದ ಪಾಠವಾದರೂ ಬೇಕೇಬೇಕು.

ಕಂಪ್ಯೂಟರ್ ಆನ್ ಇದ್ದರೆ ಏನು ಮಾಡಬೇಕು? ವೈರ್ ಕೀಳು ಅಂತ ಹಿಂದೆ ಹೇಳಿಕೊಟ್ಟಿದ್ದರು.

ಹೌದು, ಹಿಂದೆ ಹಾಗೆ ಹೇಳುತ್ತಿದ್ದರು. ಡಿಸ್ಕ್‌ನಲ್ಲಿ ಇದ್ದದ್ದು ಇದ್ದಂತೆ ಉಳಿಯಲಿ ಎಂಬುದು ಅದರ ಉದ್ದೇಶ. ಈಗ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿರುವುದು, ಅಂದರೆ ಕೀಲಿ ಇಲ್ಲದೆ ಓದಲಾಗದ ಗೂಢಲಿಪಿಯಲ್ಲಿ ಇರುವುದು ಸಾಮಾನ್ಯ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಇರುತ್ತದೆ. ಆನ್ ಇರುವಾಗ ಅದರ ಬೀಗ ತೆರೆದಿರುತ್ತದೆ, ಕೀಲಿ ಕರೆಂಟ್ ಇರುವವರೆಗೆ ಮಾತ್ರ ಉಳಿಯುವ ತಾತ್ಕಾಲಿಕ ಮೆಮೊರಿಯಲ್ಲಿರುತ್ತದೆ. ಕರೆಂಟ್ ಹೋದ ತಕ್ಷಣ ಎರಡೂ ಹೋಗುತ್ತವೆ.

ಗುರುತು ಮುಚ್ಚಿಕೊಂಡು ವ್ಯವಹರಿಸುವ ಡಾರ್ಕ್‌ವೆಬ್‌ನಲ್ಲಿ ಸಿಲ್ಕ್ ರೋಡ್ ಎಂಬ ಮಾರುಕಟ್ಟೆ ನಡೆಸುತ್ತಿದ್ದ ರಾಸ್ ಉಲ್‌ಬ್ರಿಕ್ಟ್‌ನನ್ನು 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಹಿಡಿದರು. ಹಿಡಿಯುವುದು ದೊಡ್ಡ ಮಾತಾಗಿರಲಿಲ್ಲ. ಅವನ ಲ್ಯಾಪ್‌ಟಾಪ್ ತೆರೆದಿರುವಾಗಲೇ, ಅವನು ಲಾಗಿನ್ ಆಗಿರುವಾಗಲೇ ಕೈಗೆ ಸಿಗಬೇಕಿತ್ತು. ಅವನ ಬೆನ್ನ ಹಿಂದೆ ಇಬ್ಬರು ಅಧಿಕಾರಿಗಳು ಜಗಳವಾಡುವಂತೆ ನಟಿಸಿದರು. ಅವನು ತಿರುಗಿ ನೋಡಿದ ಆ ಗಳಿಗೆಯಲ್ಲಿ ಇನ್ನೊಬ್ಬರು ಲ್ಯಾಪ್‌ಟಾಪ್ ಎಳೆದುಕೊಂಡರು. ಅದನ್ನು ಮುಚ್ಚಲು ಅವನಿಗೆ ಬಿಟ್ಟಿದ್ದರೆ ಕೇಸಿನ ಗತಿಯೇ ಬೇರೆ ಆಗುತ್ತಿತ್ತು.

ಹಾಗಾಗಿ ಈಗ ಹೀಗೆ ಕಲಿಸುತ್ತೇವೆ. ಮೊದಲು ಎಲ್ಲರನ್ನೂ ಕೀಬೋರ್ಡ್‌ನಿಂದ ದೂರ ಸರಿಸಿ. ಪರದೆಯ ಫೋಟೊ ತೆಗೆಯಿರಿ. ಪರದೆಯ ಗಡಿಯಾರ, ನಿಮ್ಮ ಗಡಿಯಾರ ಎರಡರಲ್ಲೂ ಎಷ್ಟು ಗಂಟೆ ಎಂದು ಬರೆದುಕೊಳ್ಳಿ. ಪರದೆ ಲಾಕ್ ಆಗದಂತೆ ನೋಡಿಕೊಂಡು, ಚಾರ್ಜರ್ ಹಾಕಿಯೇ ಇಟ್ಟು, ತರಬೇತಿ ಪಡೆದವರನ್ನು ಕರೆಯಿರಿ. ಬೇಗ ಅಳಿಸಿಹೋಗುವುದನ್ನು ಮೊದಲು ಹಿಡಿದಿಡಬೇಕು. ಮೆಮೊರಿ, ತೆರೆದಿರುವ ನೆಟ್‌ವರ್ಕ್ ಸಂಪರ್ಕಗಳು, ಆಮೇಲೆ ಡಿಸ್ಕ್. ಈ ಸರದಿಯನ್ನು 2002ರಲ್ಲಿ ಬಂದ ಆರ್‌ಎಫ್‌ಸಿ 3227 ಎಂಬ ಮಾರ್ಗಸೂಚಿ ಚೆನ್ನಾಗಿ ವಿವರಿಸುತ್ತದೆ.

ನೀವು ಮೌಸ್ ಮುಟ್ಟಿದರೂ ಏನೋ ಒಂದು ಬದಲಾಗುತ್ತದೆ. ಅದು ತಪ್ಪಲ್ಲ, ಬರೆದಿಡದೇ ಇರುವುದು ತಪ್ಪು. ಕಣ್ಣೆದುರೇ ಫೈಲುಗಳು ಅಳಿಸಿಹೋಗುತ್ತಿರುವುದು ಕಂಡರೆ ಮಾತ್ರ ಹಿಂದೆಮುಂದೆ ನೋಡದೆ ಕರೆಂಟ್ ತೆಗೆಯಿರಿ, ಯಾಕೆ ತೆಗೆದಿರಿ ಎಂದು ಬರೆಯಿರಿ.

ಆಫ್ ಇದ್ದರೆ?

ಆಫ್ ಇರಲಿ. ಸುಮ್ನೆ ಒಂದ್ಸಲ ಆನ್ ಮಾಡಿ ನೋಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ವಿಂಡೋಸ್ ಒಮ್ಮೆ ಶುರುವಾದರೆ ಸಾಕು, ಎಷ್ಟೋ ಫೈಲುಗಳ ಸಮಯ ಬದಲಾಗುತ್ತದೆ. ಪೊಲೀಸರ ವಶದಲ್ಲಿದ್ದಾಗ ಕಂಪ್ಯೂಟರ್ ಯಾಕೆ ಚಾಲೂ ಆಗಿತ್ತು ಎಂದು ಕೋರ್ಟಿನಲ್ಲಿ ಕೇಳಿದರೆ ಉತ್ತರ ಇರುವುದಿಲ್ಲ.

ಮೊಬೈಲ್ ಫೋನ್‌ಗೂ ಇದೇ ನಿಯಮವಾ?

ಫೋನ್‌ಗೆ ಇನ್ನೂ ಎಚ್ಚರ ಬೇಕು. ಎರಡು ಭಯ ಇವೆ. ಫೋನ್ ನೆಟ್‌ವರ್ಕ್‌ನಲ್ಲಿದ್ದರೆ ದೂರದಿಂದಲೇ ಯಾರಾದರೂ ಅಳಿಸಿಬಿಡಬಹುದು. ಆಫ್ ಮಾಡಿದರೆ ಮತ್ತೆ ತೆರೆಯುವುದು ಕಷ್ಟ. ಆನ್ ಆದ ಮೇಲೆ ಒಮ್ಮೆಯಾದರೂ ಪಾಸ್‌ಕೋಡ್ ಹಾಕಿದ್ದ ಫೋನಿನಲ್ಲಿ ಕೆಲವು ಕೀಲಿಗಳು ಮೆಮೊರಿಯಲ್ಲಿ ಉಳಿದಿರುತ್ತವೆ. ಅಂಥ ಫೋನಿನಿಂದ ಪ್ರಯೋಗಾಲಯದವರು ತೆಗೆಯಬಹುದಾದದ್ದು ಜಾಸ್ತಿ. ರೀಸ್ಟಾರ್ಟ್ ಆಗಿ ಯಾರೂ ಪಾಸ್‌ಕೋಡ್ ಹಾಕದ ಫೋನಿನಿಂದ ಸಿಗುವುದು ತೀರಾ ಕಡಿಮೆ.

ಆದ್ದರಿಂದ ಆನ್ ಇರುವ ಫೋನ್ ಆನ್ ಇರಲಿ, ಆದರೆ ಹೊರಜಗತ್ತಿನ ಸಂಪರ್ಕ ಕಡಿಯಿರಿ. ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಮತ್ತು ಬ್ಲೂಟೂತ್ ನಿಜವಾಗಿ ಆಫ್ ಆಗಿವೆಯೇ ನೋಡಿ. ಸಿಗ್ನಲ್ ತಡೆಯುವ ಫ್ಯಾರಡೆ ಚೀಲ ಇದ್ದರೆ ಅದರಲ್ಲಿ ಹಾಕಿ. ಏರ್‌ಪ್ಲೇನ್ ಮೋಡ್ ಹಾಕಲು ಆಗದೆ ಹಾಗೇ ಚೀಲಕ್ಕೆ ಹೋದ ಫೋನ್ ಸಿಗ್ನಲ್ ಹುಡುಕುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಜೊತೆಗೆ ಪವರ್ ಬ್ಯಾಂಕನ್ನೂ ಚೀಲದ ಒಳಗೇ ಇಡಬೇಕು. ಈ ಚಿಕ್ಕ ವಿಷಯ ಮರೆತು, ಫೋನ್ ಪ್ರಯೋಗಾಲಯ ಸೇರುವ ಹೊತ್ತಿಗೆ ಸತ್ತುಹೋಗಿದ್ದನ್ನು ನೋಡಿದ್ದೇನೆ.

ಇನ್ನೊಂದು ಮಾತು. ಜಪ್ತಿ ಮಾಡಿದ ಫೋನನ್ನು ಕಪಾಟಿನಲ್ಲಿಟ್ಟು ಮರುವಾರ ಕಳಿಸಿದರಾಯಿತು ಎನ್ನುವ ಕಾಲ ಹೋಯಿತು. ಈಚಿನ ಐಫೋನ್‌ಗಳನ್ನು ಸುಮಾರು ಮೂರು ದಿನ ಯಾರೂ ತೆರೆಯದಿದ್ದರೆ ಅವು ತಾವಾಗಿಯೇ ರೀಸ್ಟಾರ್ಟ್ ಆಗುತ್ತವೆ. ಪಾಸ್‌ಕೋಡ್ ಊಹಿಸಿ ಒತ್ತಿ ನೋಡುವುದಂತೂ ಬೇಡವೇ ಬೇಡ. ಹತ್ತು ಸಲ ತಪ್ಪಿದರೆ ಎಲ್ಲವೂ ಅಳಿಸಿಹೋಗುವಂತೆ ಮಾಲೀಕ ಮೊದಲೇ ಹೊಂದಿಸಿಟ್ಟಿರಬಹುದು.

ಹ್ಯಾಶ್ ಅಂದರೆ ಏನು? ನ್ಯಾಯಾಧೀಶರಿಗೆ ಹೇಗೆ ಅರ್ಥ ಮಾಡಿಸಲಿ?

ಜಪ್ತಿ ಮಾಡಿದ ಚೀಲದ ಬಾಯಿಗೆ ಅರಗು ಹಾಕಿ ಮುದ್ರೆ ಒತ್ತುತ್ತೇವಲ್ಲ, ಅದೇ ಕೆಲಸ. ಡಿಸ್ಕ್‌ನ ಒಳಗಿರುವ ಎಲ್ಲವನ್ನೂ ಒಂದು ಗಣಿತ ಸೂತ್ರಕ್ಕೆ ಹಾಕಿದರೆ ಒಂದು ಉದ್ದದ ಸಂಖ್ಯೆ ಬರುತ್ತದೆ. ಅದೇ ಹ್ಯಾಶ್. ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಡಿಸ್ಕ್‌ನ ನಕಲು ಪ್ರತಿ ತೆಗೆದ ದಿನದ ಸಂಖ್ಯೆ, ಕೋರ್ಟಿಗೆ ತಂದ ದಿನದ ಸಂಖ್ಯೆ ಎರಡೂ ಒಂದೇ ಇದ್ದರೆ ಮುದ್ರೆ ಒಡೆದಿಲ್ಲ ಎಂದರ್ಥ. ಇಷ್ಟು ಹೇಳಿದರೆ ಸಾಕು. ಅದಕ್ಕಿಂತ ಹೆಚ್ಚು ಹೇಳಲು ಹೋದರೆ ಕೇಳುವವರೂ ಹೇಳುವವರೂ ದಾರಿ ತಪ್ಪುತ್ತಾರೆ.

ಸೂತ್ರಗಳಲ್ಲೂ ಹಳತು ಹೊಸತು ಇದೆ. ಎರಡು ಬೇರೆ ಫೈಲುಗಳಿಗೆ ಒಂದೇ ಸಂಖ್ಯೆ ಬರುವಂತೆ ಮಾಡಬಹುದು ಎಂದು ಎಂಡಿ5 ಬಗ್ಗೆ 2004ರಲ್ಲಿ, ಎಸ್‌ಎಚ್‌ಎ-1 ಬಗ್ಗೆ 2017ರಲ್ಲಿ ತೋರಿಸಿದರು. ಅದಕ್ಕೆ ಈಗ ಎಸ್‌ಎಚ್‌ಎ-256 ಬಳಸಿ. ಪ್ರತಿ ತೆಗೆಯುವಾಗ ಮೂಲ ಡಿಸ್ಕ್‌ಗೆ ಏನೂ ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಇರಲೇಬೇಕು. ಪರೀಕ್ಷೆ ನಡೆಯುವುದು ಪ್ರತಿಯ ಮೇಲೆ, ಮೂಲದ ಮೇಲಲ್ಲ.

ಚಿಪ್‌ಗಳಲ್ಲಿ ಮಾಹಿತಿ ಇಡುವ ಹೊಸ ಬಗೆಯ ಡಿಸ್ಕ್‌ಗಳಾದ ಎಸ್‌ಎಸ್‌ಡಿಗಳಲ್ಲಿ ಒಂದು ತೊಡಕಿದೆ. ಕರೆಂಟ್ ಸಿಕ್ಕರೆ ಸಾಕು, ಅಳಿಸಿದ ಜಾಗಗಳನ್ನು ಅದು ಒಳಗೊಳಗೇ ಸ್ವಚ್ಛ ಮಾಡಿಕೊಳ್ಳಬಹುದು. ರೈಟ್ ಬ್ಲಾಕರ್ ಅದನ್ನು ತಡೆಯಲಾರದು. ಹಾಗಾಗಿ ಅದೇ ಎಸ್‌ಎಸ್‌ಡಿಯಿಂದ ಎರಡನೇ ಸಲ ಪ್ರತಿ ತೆಗೆದಾಗ ಸಂಖ್ಯೆ ಬೇರೆ ಬಂದರೆ ಯಾರೋ ಕೈಯಾಡಿಸಿದ್ದಾರೆ ಎಂದೇ ತಿಳಿಯಬೇಕಿಲ್ಲ. ಇದು ಗೊತ್ತಿಲ್ಲದ ಅಧಿಕಾರಿ ಪಾಟೀ ಸವಾಲಿನಲ್ಲಿ ತಡಬಡಾಯಿಸುತ್ತಾರೆ.

ಐಪಿ ವಿಳಾಸ ಸಿಕ್ಕಿತು. ಆರೋಪಿ ಸಿಕ್ಕ ಹಾಗೇ ಅಲ್ವಾ?

ಅಲ್ಲ. ಈ ತಪ್ಪಿನಿಂದ ಏನೂ ಮಾಡದವರ ಮನೆಯ ಬಾಗಿಲು ಬಡಿದಿದ್ದೇವೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ.

ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ. ಹಳೆಯ ಮಾದರಿಯವು ಒಟ್ಟು ಸುಮಾರು 430 ಕೋಟಿ. ಜಗತ್ತಿನ ಸಾಧನಗಳಿಗೆ ಅವು ಸಾಲುವುದಿಲ್ಲ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಒಂದೇ ಹೊತ್ತಿನಲ್ಲಿ ಎಷ್ಟೋ ಗ್ರಾಹಕರಿಗೆ ಹಂಚುತ್ತವೆ. ಅವರಲ್ಲಿ ಒಬ್ಬರನ್ನು ಬೇರೆ ಮಾಡಿ ತೋರಿಸುವುದು ವಿಳಾಸದ ಜೊತೆ ಸೇರುವ ಪೋರ್ಟ್ ಸಂಖ್ಯೆ. ವೆಬ್‌ಸೈಟಿನವರಿಂದ ವಿವರ ಕೇಳುವಾಗ ಐಪಿ ಮಾತ್ರ ಕೇಳಿದರೆ ಅರ್ಧ ಕೆಲಸ ಆದಂತೆ. ಐಪಿ, ಮೂಲ ಪೋರ್ಟ್, ಸೆಕೆಂಡಿನವರೆಗೆ ಸಮಯ, ಆ ಸಮಯ ಯಾವ ವಲಯದ್ದು, ಈ ನಾಲ್ಕೂ ಬೇಕು.

ಸಮಯ ವಲಯ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ದೊಡ್ಡ ಕಂಪನಿಗಳು ದಾಖಲೆ ಕೊಡುವುದು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ಅದನ್ನು ಸ್ಥಳೀಯ ಸಮಯ ಅಂದುಕೊಂಡು ಇಂಟರ್‌ನೆಟ್ ಕಂಪನಿಗೆ ಕಳಿಸಿದರೆ ಆ ಹೊತ್ತಿನಲ್ಲಿ ಆ ವಿಳಾಸ ಬಳಸುತ್ತಿದ್ದ ಬೇರೆ ಯಾರದೋ ಹೆಸರು ಬರುತ್ತದೆ. ಕಂಪನಿ ಕೊಟ್ಟ ಉತ್ತರ ಸರಿಯಾಗಿಯೇ ಇರುತ್ತದೆ, ನಾವು ಕೇಳಿದ್ದು ತಪ್ಪಾಗಿರುತ್ತದೆ. ತರಗತಿಯಲ್ಲಿ ಬೇಕೆಂದೇ ಇಂಥ ಒಂದು ದಾಖಲೆ ಕೊಡುತ್ತೇನೆ. ಅರ್ಧಕ್ಕಿಂತ ಜಾಸ್ತಿ ಜನ ತಪ್ಪು ಮನೆಗೆ ಹೋಗುತ್ತಾರೆ. ಕಾಗದದ ಮೇಲೆ ಆದ ಆ ತಪ್ಪನ್ನು ಅವರು ಮುಂದೆ ಮರೆಯುವುದಿಲ್ಲ.

ಸರಿಯಾದ ಮನೆಯೇ ಸಿಕ್ಕಿತು ಅನ್ನಿ. ಆಗಲೂ ಗೊತ್ತಾಗಿರುವುದು ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದಷ್ಟೇ. ವೈಫೈಗೆ ಪಾಸ್‌ವರ್ಡ್ ಇತ್ತಾ? ಮನೆಯಲ್ಲಿ ಎಷ್ಟು ಜನ? ರೌಟರ್‌ಗೆ ಬೇರೆಯವರು ನುಗ್ಗಿದ್ದರಾ? ಕೀಬೋರ್ಡ್ ಮುಂದೆ ಕೂತಿದ್ದವರು ಯಾರು ಎಂಬುದಕ್ಕೆ ಉತ್ತರ ಸಿಗುವುದು ಹಳೆಯ ಪೊಲೀಸ್ ಕೆಲಸದಿಂದಲೇ.

ಸಾಫ್ಟ್‌ವೇರ್ ಕೊಟ್ಟ ವರದಿಯನ್ನು ಹಾಗೇ ಕೋರ್ಟಿಗೆ ಕೊಡಬಹುದಾ?

ನನ್ನ ಇಡೀ ಪಾಠದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಈ ಪ್ರಶ್ನೆಯ ಉತ್ತರವನ್ನು ಉಳಿಸಿಕೊಳ್ಳಿ ಎನ್ನುತ್ತೇನೆ.

2011ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕೇಸಿ ಆಂಥನಿ ಎಂಬ ತಾಯಿಯ ಮೇಲೆ ಮಗಳನ್ನು ಕೊಂದ ಆರೋಪದ ವಿಚಾರಣೆ ನಡೆಯಿತು. ಮನೆಯ ಕಂಪ್ಯೂಟರಿನಿಂದ ಕ್ಲೋರೋಫಾರ್ಮ್ ಕುರಿತ ಪುಟವೊಂದಕ್ಕೆ 84 ಸಲ ಭೇಟಿ ಕೊಡಲಾಗಿದೆ ಎಂದು ಕೋರ್ಟಿನಲ್ಲಿ ಸಾಕ್ಷ್ಯ ಬಂತು. 84 ಎಂದರೆ ಯಾರಿಗೂ ಬೇರೆ ಅರ್ಥ ತೋಚುವುದಿಲ್ಲ. ಆಮೇಲೆ ಆ ಸಾಫ್ಟ್‌ವೇರ್ ಮಾಡಿದವರೇ ತಮ್ಮ ಲೆಕ್ಕ ತಪ್ಪಿದ್ದನ್ನು ಕಂಡುಕೊಂಡರು. ಭೇಟಿ ನಡೆದದ್ದು ಒಂದೇ ಸಲ.

2019ರಲ್ಲಿ ಡೆನ್ಮಾರ್ಕ್‌ನಲ್ಲಿ ಇನ್ನೂ ದೊಡ್ಡದು ನಡೆಯಿತು. ಮೊಬೈಲ್ ಕಂಪನಿಗಳಿಂದ ಬಂದ ದಾಖಲೆಯನ್ನು ಪೊಲೀಸರ ಬಳಕೆಗೆ ಪರಿವರ್ತಿಸುವ ವ್ಯವಸ್ಥೆಯಲ್ಲಿ ದೋಷ ಇತ್ತು. ಕೆಲವು ಕರೆಗಳು ಬಿಟ್ಟುಹೋಗುತ್ತಿದ್ದವು. 10,000ಕ್ಕೂ ಹೆಚ್ಚು ಕೇಸುಗಳನ್ನು ಮರುಪರಿಶೀಲನೆಗೆ ತೆಗೆಯಬೇಕಾಯಿತು. ಎರಡು ತಿಂಗಳು ಮೊಬೈಲ್ ದಾಖಲೆಯನ್ನು ಕೋರ್ಟಿನಲ್ಲಿ ಬಳಸುವುದನ್ನೇ ನಿಲ್ಲಿಸಿದರು. ಬಂಧನದಲ್ಲಿದ್ದ ಹಲವರು ಹೊರಗೆ ಬಂದರು.

ಬ್ರಿಟನ್‌ನಲ್ಲಿ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ಅಂಚೆ ಕಚೇರಿ ನಡೆಸುವವರ ಖಾತೆಯಲ್ಲಿ ಇಲ್ಲದ ಕೊರತೆ ತೋರಿಸಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಮೋಸದ ಹಣೆಪಟ್ಟಿ ಅಂಟಿತು. ಕೆಲವರು ಜೈಲಿಗೆ ಹೋದರು, ಕೆಲವರು ಜೀವ ಕಳೆದುಕೊಂಡರು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯೊಂದರ ಮೇಲೆ ಇಷ್ಟು ಬದುಕುಗಳು ಮುರಿದವು.

ಹಾಗಾದರೆ ಏನು ಮಾಡಬೇಕು? ಕೇಸಿನ ಜೀವಾಳವಾದ ಅಂಶವನ್ನು ಎರಡನೇ ಉಪಕರಣದಿಂದ ತಾಳೆ ನೋಡಿ. ಅದೂ ಸಾಲದಿದ್ದರೆ ಮೂಲ ದಾಖಲೆಯನ್ನೇ ಕೈಯಾರೆ ತೆರೆದು ಓದಿ. ಉಪಕರಣಗಳನ್ನು ಪರೀಕ್ಷಿಸಿ ಫಲಿತಾಂಶ ಬಹಿರಂಗ ಮಾಡುವ ಕೆಲಸವನ್ನು ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್ ಮಾಡುತ್ತದೆ, ಆ ವರದಿಗಳನ್ನು ಓದುವ ರೂಢಿ ಮಾಡಿಕೊಳ್ಳಿ. ಆರೋಪಿಯ ಪರ ಹೋಗುವ ಅಂಶ ಸಿಕ್ಕರೆ ಅದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದು ಕೂಡ ತನಿಖೆಯ ಫಲವೇ.

ಅಳಿಸಿದ ಫೈಲ್ ಮತ್ತೆ ಸಿಗುತ್ತಾ?

ಕೆಲವೊಮ್ಮೆ ಸಿಗುತ್ತೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಅಳಿಸುವುದೆಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಿದಂತೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೂ ಒಳಗಿನ ವಸ್ತು ಹಾಗೇ ಇರುತ್ತದೆ. ಎಸ್‌ಎಸ್‌ಡಿ ಮತ್ತು ಈಗಿನ ಫೋನುಗಳಲ್ಲಿ ಆ ಅವಕಾಶ ಬಹಳ ಕಡಿಮೆಯಾಗಿದೆ. ದೂರುದಾರರಿಗೆ ಖಂಡಿತ ತೆಗೆದುಕೊಡುತ್ತೇವೆ ಎಂದು ಮಾತು ಕೊಡಬೇಡಿ.

ಆದರೂ ಚೂರುಪಾರು ಉಳಿದಿರುತ್ತದೆ. 1974ರಿಂದ 1991ರ ನಡುವೆ ಅಮೆರಿಕದ ವಿಚಿಟಾ ಸುತ್ತಮುತ್ತ ಹತ್ತು ಜನರನ್ನು ಕೊಂದವನೊಬ್ಬ ದಶಕಗಟ್ಟಲೆ ಸಿಕ್ಕಿರಲಿಲ್ಲ. 2005ರಲ್ಲಿ ಅವನು ಒಂದು ಫ್ಲಾಪಿ ಡಿಸ್ಕನ್ನು ಟಿವಿ ವಾಹಿನಿಗೆ ಕಳಿಸಿದ. ಅದರಲ್ಲಿ ಅಳಿಸಿಹೋಗಿದ್ದ ಒಂದು ವರ್ಡ್ ಕಡತದ ಒಳವಿವರದಲ್ಲಿ (ಕಡತದ ಬಗ್ಗೆ ಅದರೊಳಗೇ ದಾಖಲಾಗುವ ಮಾಹಿತಿ, ಮೆಟಾಡೇಟಾ) ಒಂದು ಚರ್ಚಿನ ಹೆಸರು, ಡೆನ್ನಿಸ್ ಎಂಬ ಬಳಕೆದಾರನ ಹೆಸರು ಇದ್ದವು. ಆ ಚರ್ಚಿನ ಮಂಡಳಿ ಅಧ್ಯಕ್ಷನೇ ಡೆನ್ನಿಸ್ ರೇಡರ್. ಪೊಲೀಸರು ಅಲ್ಲಿಗೇ ನಿಲ್ಲಿಸದೆ ಡಿಎನ್‌ಎ ಹೋಲಿಕೆ ಮಾಡಿ ಖಚಿತ ಮಾಡಿಕೊಂಡ ಮೇಲೆ ಹಿಡಿದರು. ಫ್ಲಾಪಿಯ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಆ ಎರಡನೇ ಹೆಜ್ಜೆಯೇ ಹೆಚ್ಚು ಮುಖ್ಯ ಅನಿಸುತ್ತದೆ.

ಕ್ರಿಪ್ಟೊ ಹಣ ಹೋದರೆ ಹೋದಂತೆಯೇ?

ಹಾಗೇನಿಲ್ಲ. ಬಿಟ್‌ಕಾಯಿನ್ ಎಂಬ ಕ್ರಿಪ್ಟೊ ಹಣ ಶುರುವಾದ 2009ರ ಜನವರಿಯಿಂದ ಇಂದಿನವರೆಗಿನ ಪ್ರತಿ ವರ್ಗಾವಣೆಯೂ ಯಾರು ಬೇಕಾದರೂ ನೋಡಬಹುದಾದ ಲೆಕ್ಕದ ಪುಸ್ತಕದಲ್ಲಿದೆ. ಹೆಸರಿಲ್ಲ, ಜಾಡಿದೆ. ಆ ಹಣ ಎಲ್ಲೋ ಒಂದು ಕಡೆ ಸಾಮಾನ್ಯ ಹಣವಾಗಿ ಹೊರಬರಬೇಕು. ಅಲ್ಲಿ ವಿನಿಮಯ ಕೇಂದ್ರ ಗ್ರಾಹಕರ ಗುರುತಿನ ಚೀಟಿ ಕೇಳಿರುತ್ತದೆ. 2021ರಲ್ಲಿ ಕಲೋನಿಯಲ್ ಪೈಪ್‌ಲೈನ್ ಎಂಬ ಅಮೆರಿಕದ ಇಂಧನ ಸಾಗಣೆ ಕಂಪನಿ ಹ್ಯಾಕರ್‌ಗಳಿಗೆ ಒತ್ತೆಹಣವಾಗಿ ಕೊಟ್ಟ 75 ಬಿಟ್‌ಕಾಯಿನ್‌ಗಳಲ್ಲಿ 63.7ನ್ನು ಅಮೆರಿಕದ ತನಿಖಾ ಸಂಸ್ಥೆ ವಾಪಸ್ ವಶಪಡಿಸಿಕೊಂಡಿತು.

ಮನೆ ಶೋಧಕ್ಕೆ ಹೋಗುವವರಿಗೆ ಹೇಳಿಕೊಡಬೇಕಾದದ್ದು ಬೇರೆ ಇದೆ. 12 ಅಥವಾ 24 ಸಾಮಾನ್ಯ ಇಂಗ್ಲಿಷ್ ಪದಗಳನ್ನು ಸಾಲಾಗಿ ಬರೆದ ಒಂದು ಚೀಟಿ ಸಿಕ್ಕರೆ ಅದೇ ಖಜಾನೆಯ ಕೀಲಿ ಇರಬಹುದು. ಆ ಕೀಲಿ ಇಟ್ಟುಕೊಳ್ಳುವ, ಪೆನ್‌ಡ್ರೈವ್‌ನಂತೆ ಕಾಣುವ ಹಾರ್ಡ್‌ವೇರ್ ವಾಲೆಟ್‌ಗಳೂ ಇರುತ್ತವೆ. ಅದನ್ನು ಜಪ್ತಿ ಮಾಡಿ ಸೀಲ್ ಮಾಡಿದರೆ ಹಣ ಭದ್ರವಾಯಿತು ಅನ್ನುವಂತಿಲ್ಲ. ಅದೇ ಪದಗಳು ಗೊತ್ತಿರುವ ಇನ್ನೊಬ್ಬರು ಬೇರೆಲ್ಲೋ ಕೂತು ಹಣ ಸಾಗಿಸಿಬಿಡಬಹುದು. ಕಾನೂನಿನ ಅನುಮತಿ ಪಡೆದು ಇಲಾಖೆಯ ವಾಲೆಟ್‌ಗೆ ವರ್ಗಾಯಿಸಬೇಕು. ಆ ಕೀಲಿ ಒಬ್ಬರ ಕೈಲಿ ಇರಬಾರದು. ಸಿಲ್ಕ್ ರೋಡ್ ತನಿಖೆಯಲ್ಲಿದ್ದ ಇಬ್ಬರು ಫೆಡರಲ್ ಏಜೆಂಟರೇ ಬಿಟ್‌ಕಾಯಿನ್ ಕದ್ದು 2015ರಲ್ಲಿ ಜೈಲು ಶಿಕ್ಷೆಗೆ ಗುರಿಯಾದರು. ಇಬ್ಬರ ಸಹಿ, ಕ್ಯಾಮೆರಾ ಎದುರು ವರ್ಗಾವಣೆ ಎಂದಾಗ ತರಗತಿಯಲ್ಲಿ ಕೆಲವರಿಗೆ ಬೇಸರವಾಗುತ್ತದೆ. ಪ್ರಾಮಾಣಿಕ ಅಧಿಕಾರಿಗೆ ಇದೇ ರಕ್ಷಣೆ.

ಸರ್ವರ್ ಬೇರೆ ದೇಶದಲ್ಲಿದೆ. ಇನ್ನೇನು ಮಾಡುವುದು?

ಮೊದಲು ದಾಖಲೆ ಅಳಿಯದಂತೆ ಉಳಿಸಿಡಲು ಕೇಳಿ. ಪಡೆಯುವ ಮಾತು ಆಮೇಲೆ. ಇವೆರಡು ಬೇರೆ ಬೇರೆ ವಿನಂತಿಗಳು ಎಂಬುದೇ ಬಹಳಷ್ಟು ಜನರಿಗೆ ಗೊತ್ತಿರುವುದಿಲ್ಲ. ಸೈಬರ್ ಅಪರಾಧ ಕುರಿತು 2001ರಲ್ಲಿ ಸಹಿಗೆ ತೆರೆದ ಬುಡಾಪೆಸ್ಟ್ ಒಪ್ಪಂದ ಸೇರಿದ ದೇಶಗಳಲ್ಲಿ ಹಗಲೂ ರಾತ್ರಿ ಸಿಗುವ ಸಂಪರ್ಕ ಕೇಂದ್ರಗಳಿವೆ. ಸೇರದ ದೇಶಗಳಿಗೆ ಇಂಟರ್‌ಪೋಲ್ ಜಾಲ, ದೇಶದೇಶಗಳ ನಡುವಿನ ಕಾನೂನು ನೆರವಿನ ಒಪ್ಪಂದಗಳು ಇವೆ. 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೈಬರ್ ಅಪರಾಧದ ವಿರುದ್ಧ ಹೊಸ ಒಪ್ಪಂದವೊಂದನ್ನು ಅಂಗೀಕರಿಸಿದೆ. ಕಾಗದಪತ್ರ ಓಡಾಡಲು ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ದಾಖಲೆ ತಾನಾಗಿಯೇ ಅಳಿದಿರುತ್ತದೆ. ಅದಕ್ಕೇ ದೂರು ಬಂದ ದಿನವೇ ಉಳಿಸಿಡುವ ವಿನಂತಿ ಹೋಗಬೇಕು.

ದೂರು ಕೊಡಲು ಬಂದವರ ಜೊತೆ ಹೇಗೆ ಮಾತಾಡಬೇಕು? ಇದಕ್ಕೂ ತರಬೇತಿ ಬೇಕಾ?

ಬೇಕು, ಮತ್ತು ಇದನ್ನೇ ಮೊದಲ ದಿನ ಇಡಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಹಣ ಕಳೆದುಕೊಂಡವರು, ಖಾಸಗಿ ಚಿತ್ರದ ಬೆದರಿಕೆಗೆ ಸಿಕ್ಕವರು ಆಗಲೇ ತಮ್ಮನ್ನು ತಾವು ಸಾಕಷ್ಟು ಬೈದುಕೊಂಡಿರುತ್ತಾರೆ. ಅಷ್ಟೂ ಗೊತ್ತಾಗಲಿಲ್ವಾ, ಯಾಕೆ ಒಟಿಪಿ ಕೊಟ್ರಿ ಎಂದು ನಾವೂ ಕೇಳಿದರೆ ಅವರು ಅರ್ಧ ವಿಷಯ ಮುಚ್ಚಿಟ್ಟು ಎದ್ದು ಹೋಗುತ್ತಾರೆ. ಆ ಮುಚ್ಚಿಟ್ಟ ಅರ್ಧದಲ್ಲೇ ಸುಳಿವು ಇರುತ್ತದೆ.

ಒಳ್ಳೆಯದಾಯ್ತು ಬಂದಿರಿ, ಕೂತುಕೊಳ್ಳಿ ಎಂದು ಶುರು ಮಾಡಿ. ಹಣದ ಮೋಸವಾದರೆ ಕಥೆ ಪೂರ್ತಿ ಕೇಳುವ ಮೊದಲೇ ಬ್ಯಾಂಕಿಗೆ ತಿಳಿಸಿ ಹಣ ತಡೆಹಿಡಿಸಿ, ಅಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಚಾಟ್ ಅಳಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ, ಎದುರಿನವನ ಖಾತೆಯನ್ನು ಬ್ಲಾಕ್ ಮಾಡುವ ಮೊದಲು ನಮಗೆ ತೋರಿಸಿ ಎಂದು ಹೇಳಿ. ಸ್ಕ್ರೀನ್‌ಶಾಟ್ ತಂದಿದ್ದರೆ ಇಟ್ಟುಕೊಳ್ಳಿ, ಆದರೆ ಅಷ್ಟಕ್ಕೇ ಬಿಡಬೇಡಿ. ಪೂರ್ತಿ ಲಿಂಕ್, ಖಾತೆಯ ಗುರುತು, ಸಮಯ, ಇಮೇಲ್ ಆಗಿದ್ದರೆ ಅದು ಬಂದ ದಾರಿಯನ್ನು ದಾಖಲಿಸಿರುವ ಹೆಡರ್ ಪೂರ್ತಿ ಬೇಕು. ಹೆಡರನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಪತ್ರ ಹೊರಟ ಕಡೆ ಕೆಳಗಿರುತ್ತದೆ, ಕೆಳಗಿನ ಸಾಲುಗಳನ್ನು ಕಳಿಸಿದವನು ಸುಳ್ಳಾಗಿ ಸೇರಿಸಿರಲೂ ಬಹುದು.

ಆರೋಪಿಯ ಪ್ರೊಫೈಲನ್ನು ನನ್ನ ಫೋನಿನಿಂದಲೇ ನೋಡಿದರೆ ತಪ್ಪೇನು?

ಅವನಿಗೆ ನಿಮ್ಮ ಪ್ರೊಫೈಲ್ ಸಿಗುತ್ತದೆ. ಯಾರು ನೋಡಿದರು ಎಂದು ಕೆಲವು ತಾಣಗಳು ತೋರಿಸುತ್ತವೆ. ನಿಮಗೆ ಪರಿಚಯ ಇರಬಹುದಾದವರು ಎಂದು ನಿಮ್ಮ ಹೆಸರನ್ನೂ, ನಿಮ್ಮ ಮನೆಯವರ ಹೆಸರನ್ನೂ ಅವನ ಮುಂದೆ ಇಡಬಹುದು. ಇಲಾಖೆಯ ಪ್ರತ್ಯೇಕ ಯಂತ್ರ, ಪ್ರತ್ಯೇಕ ಸಂಪರ್ಕ ಬಳಸಿ. ಸುಳ್ಳು ಹೆಸರಿನಲ್ಲಿ ಮಾತಿಗಿಳಿಯುವುದು ಬೇರೆಯೇ ವಿಷಯ, ಮೇಲಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಅದರ ಹತ್ತಿರ ಹೋಗಬೇಡಿ.

ಕೆಲವು ಚಿತ್ರಗಳನ್ನು ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ. ಇದನ್ನು ಯಾರಿಗೆ ಹೇಳಲಿ?

ಇದು ಪಕ್ಕಕ್ಕೆ ಬಂದು ಕೇಳುವ ಪ್ರಶ್ನೆ. ಕೇಳಿದ್ದಕ್ಕೆ ಮೊದಲು ಥ್ಯಾಂಕ್ಸ್ ಹೇಳುತ್ತೇನೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ, ವಿಡಿಯೊ ನೋಡಬೇಕಾದ ಅಧಿಕಾರಿಗಳಿಗೆ ಗಾಯ ಆಗುತ್ತದೆ. ಗಟ್ಟಿ ಮನಸ್ಸು ಇದ್ದರೆ ಏನೂ ಆಗಲ್ಲ ಎಂಬ ಮಾತನ್ನು ನಂಬಬೇಡಿ. ನಿಮ್ಮ ಮೇಲಧಿಕಾರಿಗೆ ಹೇಳಿ, ಆಪ್ತ ಸಮಾಲೋಚಕರನ್ನು ಕಾಣಿ, ಕೆಲಸದ ಸರದಿ ಬದಲಿಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಕೆಲಸದ ಕ್ರಮದಿಂದಲೂ ನೋವು ಕಡಿಮೆ ಮಾಡಬಹುದು. ಈಗಾಗಲೇ ಗೊತ್ತಿರುವ ಚಿತ್ರಗಳ ಹ್ಯಾಶ್ ಪಟ್ಟಿಗಳಿವೆ. ಚಿತ್ರ ಸ್ವಲ್ಪ ಬದಲಾದರೂ ಗುರುತು ಹಿಡಿಯುವ ಫೋಟೊಡಿಎನ್‌ಎ ತಂತ್ರವನ್ನು ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ 2009ರಲ್ಲಿ ರೂಪಿಸಿದರು. ಯಂತ್ರ ಗುರುತಿಸಿದ್ದನ್ನು ಮನುಷ್ಯರು ಒಂದೊಂದಾಗಿ ಮತ್ತೆ ನೋಡಬೇಕಿಲ್ಲ. ನೋಡಲೇಬೇಕಾದಾಗ ಬಣ್ಣ ತೆಗೆದು, ಚಿಕ್ಕದಾಗಿ ಇಟ್ಟು ನೋಡಿ. ವಿಡಿಯೊದ ಚಿತ್ರ ಮತ್ತು ಧ್ವನಿ ಒಟ್ಟಿಗೆ ಬೇಡ, ಬೇರೆ ಬೇರೆಯಾಗಿ ಪರಿಶೀಲಿಸಿ. ದಿನದ ಕೊನೆಯ ಗಂಟೆಯಲ್ಲಿ ಈ ಕೆಲಸ ಬೇಡ, ಅದು ಮನೆಗೆ ಜೊತೆಯಾಗಿ ಬರುತ್ತದೆ.

ಡೀಪ್‌ಫೇಕ್ ಗುರುತಿಸಲು ಕಲಿಸುತ್ತೀರಾ?

ಎಐ ಸೃಷ್ಟಿಸಿದ ಇಂಥ ನಕಲಿ ಚಿತ್ರ, ವಿಡಿಯೊ, ಧ್ವನಿ ಗುರುತಿಸುವುದನ್ನು ಸ್ವಲ್ಪ ಕಲಿಸುತ್ತೇವೆ, ಭರವಸೆ ಕೊಡುವುದಿಲ್ಲ. ಗುರುತಿಸುವ ಸಾಫ್ಟ್‌ವೇರ್ ಇಂದು ಹೇಳಿದ್ದು ನಾಳಿನ ಹೊಸ ತಂತ್ರಕ್ಕೆ ಹೊಂದುವುದಿಲ್ಲ. ಅದರ ಬದಲು ಮೂಲ ಫೈಲ್ ಎಲ್ಲಿ, ಮೊದಲು ಯಾರು ಹಾಕಿದರು, ಯಾವ ಸಾಧನದಿಂದ ಬಂತು ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ಪ್ರತಿಯಲ್ಲಿ ಒಳವಿವರ ಉಳಿದಿರುವುದಿಲ್ಲ.

ತರಬೇತಿಯಲ್ಲಿ ನಿಮಗೆ ಅತಿ ಮುಖ್ಯ ಅನಿಸುವ ಭಾಗ ಯಾವುದು?

ಅಣಕು ನ್ಯಾಯಾಲಯ. ಕೊನೆಯ ದಿನ ಪ್ರತಿಯೊಬ್ಬರೂ ಕಟಕಟೆಯಲ್ಲಿ ನಿಲ್ಲುತ್ತಾರೆ. ಅವರೇ ಮಾಡಿದ ಜಪ್ತಿ, ಅವರೇ ಬರೆದ ಮಹಜರು, ಅವರದೇ ವರದಿ. ಎದುರಿಗೆ ನಿಜವಾದ ವಕೀಲರು. ಈ ಫೋನ್ ಮೂರು ಗಂಟೆಯಿಂದ ಐದು ಗಂಟೆವರೆಗೆ ಯಾರ ಹತ್ತಿರ ಇತ್ತು ಎಂದು ಕೇಳುತ್ತಾರೆ. ವಸ್ತು ಯಾರಿಂದ ಯಾರಿಗೆ ಕೈಬದಲಾಯಿತು ಎಂಬ ದಾಖಲೆಯಲ್ಲಿ ಆ ಎರಡು ಗಂಟೆ ಖಾಲಿ ಇರುತ್ತದೆ. ಹದಿನೈದು ವರ್ಷ ಸೇವೆ ಮಾಡಿದವರೂ ಅಲ್ಲಿ ಬೆವರುತ್ತಾರೆ. ನಾಲ್ಕು ದಿನ ನಾನು ಹೇಳಿದ್ದು ತಲೆಗೆ ಹೋಗದಿದ್ದರೂ ಆ ಹತ್ತು ನಿಮಿಷ ಹೋಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದನ್ನೂ ಅಲ್ಲೇ ಅಭ್ಯಾಸ ಮಾಡಿಸುತ್ತೇವೆ.

ಕಲಿತ ಮೇಲೆ ಬೇರೆ ಕಡೆ ವರ್ಗ ಮಾಡಿಬಿಡುತ್ತಾರೆ. ಆಗ ಕಲಿತದ್ದು ವ್ಯರ್ಥ ಅಲ್ವಾ?

ಈ ನೋವು ನನ್ನದೂ ಹೌದು. ಒಳ್ಳೆಯ ಕೈಯನ್ನು ತಯಾರು ಮಾಡಲು ವರ್ಷಗಳು ಬೇಕು, ಬೇರೆ ಕೆಲಸಕ್ಕೆ ಕಳಿಸಲು ಒಂದು ಆದೇಶ ಸಾಕು. ತರಬೇತಿ ಪಡೆದವರನ್ನು ಕೆಲವು ವರ್ಷವಾದರೂ ಅದೇ ಕೆಲಸದಲ್ಲಿ ಉಳಿಸಿಕೊಳ್ಳಿ ಎಂದು ಪ್ರತಿ ವರದಿಯಲ್ಲೂ ಬರೆಯುತ್ತೇನೆ. ವರ್ಗವಾದರೂ ನಿಮ್ಮ ಹೊಸ ಠಾಣೆಯಲ್ಲಿ ಮುಂದಿನ ಬಾರಿ ಯಾರಾದರೂ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಾಗ ತಡೆಯುವವರು ನೀವೇ ಆಗಿರುತ್ತೀರಿ.

ನಮ್ಮ ಠಾಣೆಯಲ್ಲಿ ದುಬಾರಿ ಉಪಕರಣ ಇಲ್ಲ. ಎಲ್ಲಿಂದ ಶುರು ಮಾಡಲಿ?

ಡಿಸ್ಕ್ ಪರೀಕ್ಷೆಗೆ ಆಟಾಪ್ಸಿ, ಪ್ರತಿ ತೆಗೆಯಲು ಎಫ್‌ಟಿಕೆ ಇಮೇಜರ್, ಮೆಮೊರಿ ಓದಲು ವೊಲಾಟಿಲಿಟಿ, ನೆಟ್‌ವರ್ಕ್ ನೋಡಲು ವೈರ್‌ಶಾರ್ಕ್, ಇವೆಲ್ಲ ಉಚಿತವಾಗಿ ಸಿಗುತ್ತವೆ. ನಿಜವಾದ ಕೇಸಿನ ವಸ್ತುವಿನ ಮೇಲೆ ಕಲಿಯಲು ಹೋಗಬೇಡಿ. ನಿಮ್ಮದೇ ಹಳೆಯ ಪೆನ್‌ಡ್ರೈವ್ ತೆಗೆದುಕೊಳ್ಳಿ. ಹತ್ತು ಫೋಟೊ ಹಾಕಿ, ಐದು ಅಳಿಸಿ. ಪ್ರತಿ ತೆಗೆದು ಹ್ಯಾಶ್ ಬರೆದಿಡಿ. ಆಟಾಪ್ಸಿಯಲ್ಲಿ ತೆರೆದು ಎಷ್ಟು ವಾಪಸ್ ಬಂದವು ನೋಡಿ. ಆಮೇಲೆ ಪೆನ್‌ಡ್ರೈವ್‌ಗೆ ಇನ್ನೊಂದು ಫೋಟೊ ಹಾಕಿ, ಮತ್ತೆ ಪ್ರತಿ ತೆಗೆದು ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾಡಿದ್ದನ್ನೆಲ್ಲ ಸಮಯ ಹಾಕಿ ಬರೆಯಿರಿ. ಒಂದು ವಾರ ಬಿಟ್ಟು ಆ ಟಿಪ್ಪಣಿಯನ್ನು ಸಹೋದ್ಯೋಗಿಯ ಕೈಗೆ ಕೊಡಿ. ನಿಮ್ಮನ್ನು ಏನೂ ಕೇಳದೆ, ಅದನ್ನು ಓದಿಯೇ ಅದೇ ಫಲಿತಾಂಶಕ್ಕೆ ಅವರು ಬಂದರೆ ಮುಂದಿನ ಪಾಠಕ್ಕೆ ಬನ್ನಿ.